ಮೂರಕ್ಕೆ ಒಂದು ಸೆಕೆಂಡು ಕಮ್ಮಿ

ದೀಪ ಸಣ್ಣದು ಮಾಡಿ, ಹತ್ತಿರ ಕೂತುಕೊಳ್ಳಿ. ಇದು ಅವರು ಹೇಳಿದ್ದು ಇವರು ಕೇಳಿದ್ದು ಅಲ್ಲ. ನಮ್ಮ ಚಿಗವ್ವನ ಮಗಳು ರಾಜೇಶ್ವರಿಗೆ ಆಗಿದ್ದು. ಊರು ನರಗುಂದ, ಕೆಲಸ ಗಜೇಂದ್ರಗಡದಲ್ಲಿ, ವಾಸ ಅಲ್ಲೇ ಗುಡ್ಡದ ಬುಡದಲ್ಲಿರುವ ಸೋದರತ್ತೆಯ ಮನೆಯಲ್ಲಿ. ಹೆದರುವ ಹುಡುಗಿ ಅಲ್ಲ. ಮೂಗಿನ ತುದಿಯಲ್ಲೇ ಸಿಟ್ಟು. ಅದು ನಮ್ಮ ಮನೆತನದಲ್ಲೇ ಇದೆ, ನನ್ನನ್ನೂ ಸೇರಿಸಿ.

ದಸರೆ ಕಳೆದು ನಾಲ್ಕು ದಿನ ಆಗಿತ್ತು. ರಾತ್ರಿ ಒಂಬತ್ತೂವರೆ. ಕೆಲಸ ಮುಗಿಸಿ ಒಬ್ಬಳೇ ನಡೆದು ಬರುತ್ತಿದ್ದಳು. ಓಣಿಯ ಕೊನೆಗೆ ಒಂದು ಹಳೆಯ ಬಾವಿ, ಅದರ ಮೇಲೆ ಬಾಗಿದ ಆಲದ ಮರ. ಮನೆಮನೆಗೆ ನಲ್ಲಿ ಬಂದ ಮೇಲೆ ಆ ಬಾವಿಯ ಹತ್ತಿರ ಯಾರೂ ಹೋಗುವುದಿಲ್ಲ, ಅಲ್ಲಿ ಕಂಬದ ದೀಪವೂ ಇಲ್ಲ. ಅವಳಿಗೆ ಬಾವಿಯೂ ಕಾಣಲಿಲ್ಲ, ಮರವೂ ಕಾಣಲಿಲ್ಲ. ತಲೆಯೊಳಗೆ ಮಧ್ಯಾಹ್ನದಿಂದ ಒಂದೇ ಮುಖ ಕುದಿಯುತ್ತಿತ್ತು... ಗುಡ್ಡವ್ವನ ಮುಖ.

ಗುಡ್ಡವ್ವ ಗೋಣೆಪ್ಪನ ಹೆಂಡತಿ. ಗೋಣೆಪ್ಪ ಅಂದರೆ ರೋಣದ ಆಚೆ ಹೊಳೆಸಾಲಿನ ಒಂದು ಊರಿನಲ್ಲಿ ಮಲಪ್ರಭೆಯ ನೀರು ಎಷ್ಟು ಏರಿತು, ಎಷ್ಟು ಇಳಿಯಿತು ಅಂತ ನೋಡಿ ಬರೆಯುತ್ತಿದ್ದವ. ಊರಿನ ಹೆಸರು ಹೇಳುವುದಿಲ್ಲ. ಹೊಳೆಮಣ್ಣೂರು ಅಲ್ಲ, ಅಷ್ಟು ತಿಳಿದುಕೊಂಡರೆ ಸಾಕು. ಸೇತುವೆಯ ಪಕ್ಕ ಅವನಿಗೊಂದು ಕಾವಲು ಕೋಣೆ. ಕೋಣೆಯಲ್ಲಿ ಒಂದು ಕಬ್ಬಿಣದ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಎರಡು ಗುಂಡಿ. ನೀರು ಅಪಾಯದ ಗೆರೆ ಮುಟ್ಟಿದರೆ ಕೆಂಪು ಗುಂಡಿ ಒತ್ತಬೇಕು, ಹತ್ತು ಸೆಕೆಂಡಿಗೆ ಊರಿನ ಸೈರನ್ ಕೂಗುತ್ತದೆ. ತಪ್ಪಿ ಒತ್ತಿದ್ದರೆ ಆ ಹತ್ತು ಸೆಕೆಂಡಿನೊಳಗೆ ಹಸಿರು ಗುಂಡಿ ಒತ್ತಬೇಕು, ಸೈರನ್ ರದ್ದಾಗುತ್ತದೆ. ಯಾವ ಗುಂಡಿ ಯಾವಾಗ ಒತ್ತಿದ್ದು ಅಂತ ಪೆಟ್ಟಿಗೆಯೇ ಬರೆದಿಟ್ಟುಕೊಳ್ಳುತ್ತದೆ. ಆ ಪೆಟ್ಟಿಗೆ ತಯಾರಾದದ್ದು ಗಜೇಂದ್ರಗಡದ ಬಸವಪ್ರಸಾದನ ವರ್ಕ್‌ಶಾಪಿನಲ್ಲಿ. ಅದರೊಳಗಿನ ಕೋಡ್ ಬರೆದವಳು ನಮ್ಮ ರಾಜೇಶ್ವರಿ.

ಆಗಸ್ಟಿನಲ್ಲಿ ಹೊಳೆ ಬಂತು. ಹೊಳೆಯ ಮೇಲ್ಗಡೆ ಕೊಣ್ಣೂರಿನ ಸೇತುವೆ ಸಂಜೆಗೇ ಮುಳುಗಿತ್ತು. ಗೋಣೆಪ್ಪನ ಊರಿನಲ್ಲಿ ಸೈರನ್ ಕೂಗಿದ್ದು ರಾತ್ರಿ ಮೂರಕ್ಕೆ, ಆದರೆ ನೀರು ಕೆಳಗಿನ ಓಣಿಗೆ ಎರಡೂವರೆಗೇ ಹೊಕ್ಕಿತ್ತು. ರೇಣುಕವ್ವ ಅನ್ನುವ ಮುದುಕಿ ಮಲಗಿದ್ದಲ್ಲೇ ಹೋದಳು. ಗೋಣೆಪ್ಪನ ಹೆಣ ನಾಲ್ಕು ದಿನದ ಮೇಲೆ ಜಾಲಿಯ ಮುಳ್ಳುಕಂಟಿಯಲ್ಲಿ ಸಿಕ್ಕಿತು. ಅಧಿಕಾರಿಗಳು ಬಂದರು, ಪೆಟ್ಟಿಗೆ ಏನು ಬರೆದಿದೆ ಅಂತ ಕೇಳಿದರು. ಬಸವಪ್ರಸಾದ ಒಂದು ಹಾಳೆ ಕೊಟ್ಟ. ಎರಡು ಗಂಟೆ ಐವತ್ತೊಂಬತ್ತು ನಿಮಿಷ ಐವತ್ತೊಂಬತ್ತು ಸೆಕೆಂಡಿಗೆ ಕೆಂಪು ಗುಂಡಿ ಒತ್ತಿದ್ದು. ಮೂರು ಗಂಟೆ ಒಂಬತ್ತು ಸೆಕೆಂಡಿಗೆ ಸೈರನ್ ಕೂಗಿದ್ದು. ಅಷ್ಟೇ. ಅಂದರೆ ಕಾವಲುಗಾರ ನಿದ್ದೆ ಹೊಡೆದ, ಮೂರಕ್ಕೆ ಎದ್ದ, ಗಾಬರಿಯಲ್ಲಿ ಗುಂಡಿ ಒತ್ತಿ ಓಡಿ ಹೊಳೆಗೆ ಬಿದ್ದ. ಊರು ಇದನ್ನು ನಂಬಿತು. ಗೋಣೆಪ್ಪನ ಮಣ್ಣಿಗೆ ಆ ಊರಿನವರು ಒಬ್ಬರೂ ಬರಲಿಲ್ಲ. ಹೆಂಡತಿಯ ತವರಿನ ನಾಲ್ಕು ಗಂಡಸರು ಹೊತ್ತು, ತಗ್ಗು ತೋಡಿ, ಮುಚ್ಚಿ ಬಂದರು.

ಆ ಗುಡ್ಡವ್ವ ಅವತ್ತು ಮಧ್ಯಾಹ್ನ ಎರಡು ಬಸ್ಸು ಬದಲಿಸಿ ವರ್ಕ್‌ಶಾಪಿಗೆ ಬಂದಿದ್ದಳು. ಬಾಗಿಲಲ್ಲೇ ನಿಂತು ಕೇಳಿದಳು.

"ನನ್ನ ಗಂಡ ಮಲಗಿದ್ದ ಅಂತ ಬರದ ಕೊಟ್ಟೀರಂತ. ಯಾರ ನೋಡೀರಿ?"

"ನಾವ್ಯಾರೂ ಬರದಿಲ್ಲ ಬಾಯಾರ, ಮಷೀನ್ ಬರದೈತಿ" ಅಂದ ಬಸವಪ್ರಸಾದ. "ಮಷೀನಿಗೆ ಸುಳ್ಳ ಹೇಳಾಕ ಬರೂದಿಲ್ಲ."

ಗುಡ್ಡವ್ವ ಅವನ ಕಡೆ ನೋಡಲೂ ಇಲ್ಲ. ರಾಜೇಶ್ವರಿಯ ಕಡೆ ತಿರುಗಿದಳು. "ನೀ ಮೂರ ವಾರ ನಮ್ಮನಿ ರೊಟ್ಟಿ ಉಂಡಾಕಿ. ಅಂವನ ಜೋಡಿ ಹೊಳಿ ದಂಡಿಗೆ ಕುಂತಾಕಿ. ನೀ ಹೇಳ. ಅಂವ ಮಲಗಾಂವೇನ?"

ರಾಜೇಶ್ವರಿ ಹಾಳೆಯನ್ನು ಮುಂದೆ ಸರಿಸಿದಳು. ಗುಡ್ಡವ್ವ ಅದನ್ನು ಮುಟ್ಟಲಿಲ್ಲ, ಹೋಗಿಬಿಟ್ಟಳು. ಅದಕ್ಕೇ ರಾತ್ರಿ ಅವಳಿಗೆ ಅಷ್ಟು ಸಿಟ್ಟು. ಗುಡ್ಡವ್ವನ ಮೇಲೆ ಸಿಟ್ಟು, ಸತ್ತವನ ಮೇಲೆ ಇನ್ನೂ ಸಿಟ್ಟು. ನಿದ್ದೆ ಹೊಡೆದವ ಅವನು, ಉತ್ತರ ಕೊಡಬೇಕಾದವಳು ನಾನೇ? ಹಾಗೇ ಗೊಣಗುತ್ತಾ ಬಾವಿಯ ಹತ್ತಿರ ಬಂದಳು.

ಟಕ್... ಟಿಣ್.

ನಿಂತಳು.

ಟಕ್... ಟಿಣ್.

ಆ ಸದ್ದು ಅವಳಿಗೆ ಗೊತ್ತು. ಕೆಂಪು ಗುಂಡಿಯನ್ನು ಆರಿಸಿ ತಂದವಳೇ ಅವಳು. ಒತ್ತಿದಾಗ ಟಕ್, ಬಿಟ್ಟಾಗ ಒಳಗಿನ ಸ್ಪ್ರಿಂಗು ಸಣ್ಣಗೆ ಟಿಣ್. ಬೇರೆ ಯಾವುದೂ ಹಾಗೆ ಸದ್ದು ಮಾಡುವುದಿಲ್ಲ. ಸದ್ದು ಬಂದದ್ದು ಬಾವಿಯೊಳಗಿನಿಂದ. ಆಮೇಲೆ ನೀರು ಕಲ್ಲಿಗೆ ಬಡಿದ ಹಾಗೆ ಚಳಕ್... ಚಳಕ್... ಮತ್ತು ಒಂದು ದನಿ, ಮೆಲ್ಲಗೆ, ತನ್ನಷ್ಟಕ್ಕೆ ತಾನೇ ಓದಿಕೊಳ್ಳುವ ದನಿ.

"ಹದಿನಾಲ್ಕು ಮೂರು..."

ಚಳಕ್.

"ಹದಿನಾಲ್ಕು ಮೂರು."

ಗೋಣೆಪ್ಪ ಹಾಗೆಯೇ ಓದುತ್ತಿದ್ದದ್ದು. ಸೇತುವೆಯ ಕಂಬಕ್ಕೆ ಬಳಿದ ಅಳತೆಪಟ್ಟಿಯನ್ನು ಒಮ್ಮೆ ನೋಡಿ ಬಾಯಿಬಿಟ್ಟು ಹೇಳುತ್ತಿದ್ದ. ಒಂದು ಬೀಡಿ ಎಳೆಯುವಷ್ಟು ಹೊತ್ತು ಬಿಟ್ಟು ಮತ್ತೊಮ್ಮೆ ನೋಡಿ ಹೇಳುತ್ತಿದ್ದ. ಎರಡೂ ಒಂದೇ ಆದರೆ ಮಾತ್ರ ಪುಸ್ತಕದಲ್ಲಿ ಬರೆಯುತ್ತಿದ್ದ. ಎರಡು ವರ್ಷದ ಹಿಂದೆ ಪೆಟ್ಟಿಗೆ ಕೂರಿಸಲು ಹೋದಾಗ ರಾಜೇಶ್ವರಿ ನಕ್ಕಿದ್ದಳು, ಎಷ್ಟು ಸಲ ನೋಡ್ತೀ ಕಾಕಾ ಅಂತ. "ನೀ ನೋಡೂ ಹೊತ್ತಿಗೆ ತೆರಿ ಬಂದಿದ್ರ? ನೀ ಬರಿಯೂದು ತೆರಿ ಲೆಕ್ಕ ಆತು, ಹೊಳಿ ಲೆಕ್ಕ ಆಗಲಿಲ್ಲ. ಇನ್ನೊಮ್ಮೆ ನೋಡವಾ" ಅಂದಿದ್ದ. ಎಲ್ಲವನ್ನೂ ಎರಡು ಸಲ ಮಾಡುವ ಮನುಷ್ಯ. ಬಾಗಿಲ ಚಿಲಕ ಎರಡು ಸಲ ಜಗ್ಗಿ ನೋಡುವವನು.

"ಕಾಕಾ..." ಅಂದಳು.

ಬಾವಿಯೊಳಗೆ ಸದ್ದು ನಿಂತಿತು. ಆಮೇಲೆ... ಕಿವಿಯ ಪಕ್ಕದಲ್ಲೇ, ಹಸಿ ಮಣ್ಣಿನ ವಾಸನೆಯ ಜೊತೆ:

"ಇನ್ನೊಮ್ಮೆ ನೋಡವಾ."

ಓಡಿದಳು. ಚಪ್ಪಲಿ ಒಂದು ಅಲ್ಲೇ ಉಳಿಯಿತು. ಮನೆಗೆ ಹೋಗಿ ಕದ ಹಾಕಿ, ಸೋದರತ್ತೆ ಕಳಕವ್ವ "ಏನಾತ?" ಅಂದರೆ "ನಾಯಿ ಬೆನ್ನ ಹತ್ತಿತ್ತು" ಅಂದಳು.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ವರ್ಕ್‌ಶಾಪಿಗೆ ಹೋದಳು. ಗೋಣೆಪ್ಪನ ಕೋಣೆಯ ಆ ಪೆಟ್ಟಿಗೆ ಪ್ರವಾಹದ ನಂತರ ಅಲ್ಲಿಗೇ ಬಂದಿತ್ತು, ಮೂಲೆಯ ಮೇಜಿನ ಮೇಲೆ ಬಿದ್ದಿತ್ತು. ಕೆಂಪು ಗುಂಡಿ ನೆಟ್ಟಗಿತ್ತು. ಹಸಿರು ಗುಂಡಿ ತಂತಿ ಸಮೇತ ಹೊಳೆಯಲ್ಲಿ ಕಿತ್ತುಹೋಗಿ, ಆ ಜಾಗದಲ್ಲಿ ಬರೀ ತೂತು. ತೂತಿನ ತುಂಬ ಒಣಗಿದ ಹೊಳೆಮಣ್ಣು. ಬ್ಯಾಟರಿಯನ್ನು ಎಂದೋ ತೆಗೆದು ಬೇರೆ ಖಾನೆಯಲ್ಲಿಟ್ಟಿದ್ದರು. ಅವಳು ಲ್ಯಾಪ್‌ಟಾಪಿನಿಂದ ವೈರು ಕೊಟ್ಟು ಪೆಟ್ಟಿಗೆ ಬರೆದಿಟ್ಟ ಸಾಲುಗಳನ್ನು ತೆರೆದಳು.

ಹೊಸದಾಗಿ ಎರಡು ಸಾಲು ಇದ್ದವು. ಹಿಂದಿನ ರಾತ್ರಿಯವು.

2:59:59 ಕೆಂಪು.
2:00:00 ಕೆಂಪು.

ಬ್ಯಾಟರಿ ಇಲ್ಲದ ಪೆಟ್ಟಿಗೆ. ಬೀಗ ಹಾಕಿದ ವರ್ಕ್‌ಶಾಪು. ಮೊದಲ ಸಾಲಿಗಿಂತ ಎರಡನೇ ಸಾಲು ಒಂದು ತಾಸು ಹಿಂದೆ.

"ನಾಜಮೀನ, ಚಾಷ್ಟಿ ಮಾಡಿಯೇನ?" ಅಂತ ಸಿಡುಕಿದಳು. ನಾಜಮೀನ ಅಲ್ಲಿ ಸೋಲ್ಡರಿಂಗ್ ಮಾಡುವವಳು, ಇವಳ ಗೆಳತಿ.

"ನನಗೇನ ಬ್ಯಾರೆ ಕೆಲಸ ಇಲ್ಲೇನ? ರಾತ್ರಿ ಎರಡಕ್ಕ ಎದ್ದ ಬಂದ ನಿನ್ನ ಗುಂಡಿ ಒತ್ತಲೇನ?"

ಮರುದಿನವೂ ಅವೇ ಎರಡು ಸಾಲು. ಅದರ ಮರುದಿನವೂ. ರಾಜೇಶ್ವರಿ ಹಗಲೆಲ್ಲ ಕೂತು ತಾನೇ ಗುಂಡಿ ಒತ್ತಿ ನೋಡಿದಳು, ಗಡಿಯಾರ ಹಿಂದೆ ಹೋಗುತ್ತದೇನೋ ಅಂತ. ಬೆರಳು ಬಾತುಕೊಳ್ಳುವವರೆಗೆ, ನಾಲ್ಕು ಸಾವಿರ ಸಲ. ಒಂದು ಸಲವೂ ಆಗಲಿಲ್ಲ. ನಾಲ್ಕನೇ ರಾತ್ರಿ ಬ್ಯಾಟರಿಯನ್ನು ಮಡಿಲಲ್ಲಿಟ್ಟುಕೊಂಡು, ನಾಜಮೀನಳನ್ನು ಪಕ್ಕ ಕೂರಿಸಿಕೊಂಡು, ಪೆಟ್ಟಿಗೆಯ ಮುಂದೆಯೇ ಕಾದಳು.

ಒಂದೂ ಐವತ್ತಾಯಿತು. ಐವತ್ತೈದಾಯಿತು. ಬೀದಿಯ ನಾಯಿಗಳು ಒಮ್ಮೆಲೇ ಸುಮ್ಮನಾದವು. ಫ್ಯಾನು ತಿರುಗುತ್ತಿತ್ತು, ಗಾಳಿ ಬರುತ್ತಿರಲಿಲ್ಲ. ಹಸಿ ಮಣ್ಣಿನ ವಾಸನೆ.

"ರಾಜಿ... ನೆಲಾ ನೋಡ" ಅಂದಳು ನಾಜಮೀನ.

ಬಾಗಿಲಿನಿಂದ ಮೇಜಿನವರೆಗೆ ಒದ್ದೆ. ಹೆಜ್ಜೆ ಅಲ್ಲ. ಬರೀ ಒದ್ದೆ... ತೊಟ್ಟಿಕ್ಕುತ್ತಾ ಬಂದ ಹಾಗೆ. ಟಿಪ್... ಟಿಪ್.

ಗೋಡೆಯ ಗಡಿಯಾರ ಎರಡಕ್ಕೆ ಬಂತು. ಕೆಂಪು ಗುಂಡಿ ತಾನಾಗಿಯೇ ಒಳಗೆ ಹೋಯಿತು.

ಟಕ್... ಟಿಣ್.

ಮತ್ತೊಮ್ಮೆ.

ಟಕ್... ಟಿಣ್.

ನಾಜಮೀನ ಕಣ್ಣು ಮುಚ್ಚಿ ಅಲ್ಲಾನ ಹೆಸರು ಹೇಳುತ್ತಿದ್ದಳು. ರಾಜೇಶ್ವರಿಗೆ ಕೂದಲು ನೆಟ್ಟಗಾದವು ನಿಜ, ಆದರೆ ಹೇಳಿದೆನಲ್ಲ, ಸಿಟ್ಟಿನ ಹುಡುಗಿ. ಹಲ್ಲು ಕಚ್ಚಿ ಕೇಳಿದಳು, "ಏನ ನೋಡ್ಲಿ ಕಾಕಾ? ನಾಕ ದಿನ ಆತು ನೋಡಾಕ್ಹತ್ತಿ. ಏನ ನೋಡ್ಲಿ, ಹೇಳ!"

ಅವಳು ಲ್ಯಾಪ್‌ಟಾಪು ಎಳೆದುಕೊಂಡು, ಗಡಿಯಾರ ಓದುವ ತನ್ನದೇ ಕೋಡ್ ತೆರೆದಳು. ನೋಡಿದಳು. ಇನ್ನೊಮ್ಮೆ ನೋಡಿದಳು. ಆಗ ತಿಳಿಯಿತು.

ಇದನ್ನು ನಿಮಗೆ ಹೇಳಿಬಿಡುತ್ತೇನೆ, ಕಷ್ಟ ಏನಿಲ್ಲ. ಆ ಪೆಟ್ಟಿಗೆ ಬಿಸಿಲಿನಿಂದ ನಡೆಯುವಂಥದ್ದು. ಬ್ಯಾಟರಿ ಉಳಿಯಲಿ ಅಂತ ಸದಾ ಮಲಗಿರುತ್ತದೆ, ಗುಂಡಿ ಒತ್ತಿದಾಗ ಏಳುತ್ತದೆ. ಎದ್ದ ಕೂಡಲೇ ಅದರ ಕರ್ನೆಲ್, ಅಂದರೆ ಉಳಿದೆಲ್ಲ ಕೋಡಿನ ಅಡಿಯಲ್ಲಿ ಕೂತು ಯಂತ್ರ ನಡೆಸುವ ಭಾಗ, ಟೈಮ್ ಎಷ್ಟು ಅಂತ ಪಕ್ಕದ ಗಡಿಯಾರದ ಚಿಪ್ಪನ್ನು ಕೇಳುತ್ತದೆ. ಅದು ಅಗ್ಗದ ಚಿಪ್ಪು, ಎಲ್ಲವನ್ನೂ ಒಟ್ಟಿಗೆ ಹೇಳುವುದಿಲ್ಲ. ಮೊದಲು ಸೆಕೆಂಡು ಕೇಳಬೇಕು, ಆಮೇಲೆ ನಿಮಿಷ, ಆಮೇಲೆ ಗಂಟೆ. ಗಡಿಯಾರವಂತೂ ನಡೆಯುತ್ತಲೇ ಇರುತ್ತದೆ. ಒಂದು ಗಂಟೆ ಐವತ್ತೊಂಬತ್ತು ನಿಮಿಷ ಐವತ್ತೊಂಬತ್ತು ಸೆಕೆಂಡು ಮುಗಿಯುವ ಆ ಗಳಿಗೆಯಲ್ಲಿ ಕೇಳಿದರೆ? ಸೆಕೆಂಡು ಐವತ್ತೊಂಬತ್ತು ಅನ್ನುತ್ತದೆ. ನಿಮಿಷ ಐವತ್ತೊಂಬತ್ತು ಅನ್ನುತ್ತದೆ. ಗಂಟೆ ಕೇಳುವಷ್ಟರಲ್ಲಿ ಒಂದಿದ್ದದ್ದು ಎರಡಾಗಿರುತ್ತದೆ. ಪೆಟ್ಟಿಗೆ ಮೂರನ್ನೂ ಕೂಡಿಸಿ ಎರಡು ಐವತ್ತೊಂಬತ್ತು ಐವತ್ತೊಂಬತ್ತು ಅಂತ ಬರೆದುಕೊಳ್ಳುತ್ತದೆ. ಇಲ್ಲದ ಒಂದು ತಾಸು ಮುಂದೆ.

ಇದಕ್ಕೆ ಮದ್ದು ಇದೆ. ಗಡಿಯಾರವನ್ನು ಎರಡು ಸಲ ಓದಬೇಕು, ಎರಡೂ ಒಂದೇ ಆದರೆ ಮಾತ್ರ ನಂಬಬೇಕು. ರಾಜೇಶ್ವರಿ ಮೊದಲು ಹಾಗೆಯೇ ಬರೆದಿದ್ದಳು, ಗೋಣೆಪ್ಪನಿಂದ ಕಲಿತು. ಆಮೇಲೆ ಬಸವಪ್ರಸಾದ ಬೆನ್ನು ಹತ್ತಿದ. ಮಳೆಗಾಲದ ಮೋಡದಲ್ಲಿ ಬ್ಯಾಟರಿ ತಡೆಯುವುದಿಲ್ಲ, ಆ ಗಡಿಯಾರ ಓದುವುದೇ ಭಾಳ ನಿಧಾನ, ಅದನ್ನು ಚುರುಕು ಮಾಡು ಅಂತ. ಒಂದು ಸಂಜೆ ಅವಳೇ ಎರಡನೇ ಓದನ್ನು ಅಳಿಸಿದಳು. ಓದುವ ಹೊತ್ತು ಅರ್ಧಕ್ಕೆ ಇಳಿಯಿತು. ಎಲ್ಲರೂ ಚಪ್ಪಾಳೆ ಹೊಡೆದರು, ಅವಳೂ ಪೇಢೆ ತಿಂದಳು. ಕೋಡಿನ ಪಕ್ಕದಲ್ಲಿ ಅವಳದೇ ಹೆಸರಿನಲ್ಲಿ ಒಂದು ಸಾಲು ಇನ್ನೂ ಇತ್ತು: ಎರಡನೇ ಓದು ಅನವಶ್ಯಕ, ತೆಗೆದಿದೆ.

ಹಾಗಾದರೆ ಆ ರಾತ್ರಿ? ಗೋಣೆಪ್ಪ ಒತ್ತಿದ್ದು ಎರಡು ಗಂಟೆಗೆ. ಪೆಟ್ಟಿಗೆ ಅದನ್ನು ಮೂರಕ್ಕೆ ಒಂದು ಸೆಕೆಂಡು ಕಮ್ಮಿ ಅಂತ ಬರೆದುಕೊಂಡಿತು. ಹತ್ತು ಸೆಕೆಂಡು ಕಳೆದ ಮೇಲೆ ಸೈರನ್ ಅಲ್ಲವೇ? ಅದಕ್ಕೇ ಮೂರು ಗಂಟೆ ಒಂಬತ್ತು ಸೆಕೆಂಡಿನವರೆಗೆ ಕಾಯುತ್ತಾ ಕೂತಿತು. ಒಂದು ತಾಸು. ಆ ಒಂದು ತಾಸಿನಲ್ಲಿ ಹೊಳೆ ಊರೊಳಗೆ ಬಂತು. ಮಲಗಿದ್ದು ಪೆಟ್ಟಿಗೆ. ಗೋಣೆಪ್ಪ ಅಲ್ಲ.

ಅವಳಿಗೆ ಅಷ್ಟಕ್ಕೇ ಸಮಾಧಾನ ಆಗಲಿಲ್ಲ. ಎಲ್ಲವನ್ನೂ ಎರಡು ಸಲ ಮಾಡುವವನು ಆ ರಾತ್ರಿ ಗುಂಡಿಯನ್ನು ಒಂದೇ ಸಲ ಒತ್ತಿದನೇ? ಬಸವಪ್ರಸಾದನ ಹಾಳೆಯಲ್ಲಿ ಕೆಂಪಿನದು ಒಂದೇ ಸಾಲು ಇತ್ತಲ್ಲ. ಪಟ್ಟಿಯಿಂದ ಅಳಿಸಿದ್ದೂ ಪೆಟ್ಟಿಗೆಯ ಮೂಲ ನೆನಪಿನ ಚಿಪ್ಪಿನಲ್ಲಿ ಉಳಿದಿರುತ್ತದೆ, ಅದನ್ನೇ ಬಿಚ್ಚಿ ಓದಿದಳು.

2:59:59 ಕೆಂಪು. 2:00:00 ಕೆಂಪು. 2:00:14 ಕೆಂಪು. 2:00:15 ಕೆಂಪು. 2:00:31 ಕೆಂಪು...

ನಲವತ್ತೊಂದು ಸಾಲು. ಮೊದಲನೆಯದು ಕೆಲಸ ಹಿಡಿದಿರುವಾಗ ಉಳಿದವನ್ನು ಪೆಟ್ಟಿಗೆ ಬರೆದುಕೊಳ್ಳುತ್ತದೆ, ಮತ್ತೇನೂ ಮಾಡುವುದಿಲ್ಲ. ಹಾಗೆ ಬರೆದವಳೂ ಅವಳೇ. ಒಬ್ಬ ಮನುಷ್ಯ ಕತ್ತಲಲ್ಲಿ, ಕಾಲ ಕೆಳಗೆ ಹೊಳೆ ಏರುತ್ತಿರುವಾಗ, ಸೈರನ್ ಯಾಕೆ ಕೂಗುತ್ತಿಲ್ಲ ಅಂತ ಒತ್ತಿ ಒತ್ತಿ ಒತ್ತಿ... ಎರಡು ಗಂಟೆ ಆರು ನಿಮಿಷಕ್ಕೆ ಕೊನೆಯ ಸಾಲು. ಆಮೇಲೆ ಬಿಟ್ಟು, ಕೂಗಿ ಎಬ್ಬಿಸಲು ಕೆಳಗಿನ ಓಣಿಗೆ ಓಡಿದ್ದಾನೆ. ಓಣಿ ಮುಟ್ಟಲಿಲ್ಲ. ರಾಜೇಶ್ವರಿ ಮೇಜಿಗೆ ತಲೆ ಹಚ್ಚಿ ಅತ್ತಳು, ಮೊದಲ ಸಲ. ಆಮೇಲೆ ಕಣ್ಣೊರೆಸಿಕೊಂಡು ಎರಡನೇ ಓದನ್ನು ಕೋಡಿಗೆ ಮತ್ತೆ ಸೇರಿಸಿದಳು. ಈ ಪೆಟ್ಟಿಗೆಗೂ ಹಾಕಿದಳು, ಬೇರೆ ಸೇತುವೆಗಳ ಮೇಲಿದ್ದ ಆರು ಪೆಟ್ಟಿಗೆಗಳಿಗೂ ಬೆಳಗಾಗುವುದರೊಳಗೆ ಮೊಬೈಲಿನ ಮೂಲಕವೇ ಕಳಿಸಿದಳು.

ಬಸವಪ್ರಸಾದ ಒಂಬತ್ತಕ್ಕೆ ಬಂದ. ವಿಭೂತಿ ಹಚ್ಚಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು.

"ನಲವತ್ತೊಂದ ಸಾಲ ಇದ್ದವು. ನೀವ ಒಂದ ಕೊಟ್ಟೀರಿ."

ಅವನು ಕುರ್ಚಿ ಎಳೆದು ಕೂತ. "ಉಳದಿದ್ದು ಕಸ ಇತ್ತವಾ. ಗಡಿಯಾರ ಹಿಂದ ಹೋಗಿತ್ತು. ಹಿಂದ ಹೋಗೂ ಗಡಿಯಾರ ತೋರಿಸಿದ್ರ ನಮ್ಮ ಮಾಲ ಯಾರ ನಂಬ್ತಾರ? ಅದಕ್ಕ ತಗದೆ."

"ನಿಮಗ ಗೊತ್ತಿತ್ತು."

"ಏನೋ ಒಂದ ತಪ್ಪೈತಿ ಅಂತ ಗೊತ್ತಿತ್ತು. ಮತ್ತ ಆ ತಪ್ಪ ಮಾಡಿದಾಕಿ ಯಾರು? ಕೋಡ್‌ನ್ಯಾಗ ಹೆಸರ ಯಾರದೈತಿ? ನಿನ್ನನ್ನೂ ಉಳಿಸೇನಿ ನಾ, ತಿಳಕೋ. ಸತ್ತಾಂವಗ ಹೆಸರ ತಗೊಂಡ ಏನ ಆಗಬೇಕಾಗೈತಿ?"

ನೋಡಿ, ಇಲ್ಲಿಗೆ ಬಂದಾಗ ನನಗೆ ಈಗಲೂ ಮೈ ಉರಿಯುತ್ತದೆ. ಸತ್ತವನಿಗೆ ಹೆಸರು ಯಾಕೆ ಅಂತೆ! ಬದುಕಿದ್ದವನಿಗೆ ಅಂಗಿ ಇಸ್ತ್ರಿ ಆಗಿದ್ದರೆ ಸಾಕು. ರಾಜೇಶ್ವರಿ ಕೈ ಎತ್ತಲಿಲ್ಲ, ಬೈಯಲೂ ಇಲ್ಲ. ಪೆಟ್ಟಿಗೆಯನ್ನು ಬಗಲಿಗೆ ಇಟ್ಟುಕೊಂಡಳು.

"ಪೆಟ್ಟಿಗಿ ಇಡ ಅಲ್ಲೇ. ಅದು ವರ್ಕ್‌ಶಾಪಿಂದು."

"ಬಂದ ಕಸ್ಕೊಳ್ರಿ ನೋಡೂಣು" ಅಂದಳು.

ಅವನು ಏಳಲಿಲ್ಲ. ಅವಳ ಮುಖ ನೋಡಿ ಏಳಲಿಲ್ಲವೋ, ಪೆಟ್ಟಿಗೆಯಿಂದ ಆಗ ನೀರು ತೊಟ್ಟಿಕ್ಕುತ್ತಿತ್ತಂತಲ್ಲ, ಅದನ್ನು ನೋಡಿಯೋ, ನನಗೆ ಗೊತ್ತಿಲ್ಲ. ನಾಜಮೀನ ಅವನ ಕಾಲು ಕುರ್ಚಿಯ ಮೇಲೆ ಏರಿದ್ದನ್ನು ನೋಡಿದ್ದಾಳೆ.

ರೋಣದಲ್ಲಿ ಬಸ್ಸು ಬದಲಿಸಿ ಆ ಊರಿಗೆ ಹೋದಾಗ ಇಳಿಹೊತ್ತು. ಗುಡ್ಡವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ರಾಜೇಶ್ವರಿ ನಿಂತುಕೊಂಡೇ ಎಲ್ಲ ಹೇಳಿದಳು. ಎರಡನೇ ಓದು, ಅಳಿಸಿದ್ದು, ನಲವತ್ತೊಂದು ಸಾಲು. ಗುಡ್ಡವ್ವ ಮೊರದಿಂದ ಕೈ ತೆಗೆಯದೆ ಕೇಳಿದಳು. ಅಳಲಿಲ್ಲ.

"ನನಗ್ಯಾಕ ಹೇಳ್ತಿ?" ಅಂದಳು. "ಅಂವ ಮಲಗಿದ್ದಿಲ್ಲ ಅಂತ ನನಗ ಮೊದಲ ದಿನಾನ ಗೊತ್ತಿತ್ತು. ಯಾರಿಗೆ ಗೊತ್ತಿಲ್ಲೋ ಅವರಿಗೆ ಹೇಳ, ಬಾ."

ಮೊಣಕೈ ಹಿಡಿದು ಎಳೆದುಕೊಂಡು ಹೋದಳು. ಊರಬಾಗಿಲು ಅಗಸಿಯ ಕಟ್ಟೆಯ ಮೇಲೆ ಗಂಡಸರು ಕೂತಿದ್ದರು. ಎರಡು ತಿಂಗಳಿಂದ ಗುಡ್ಡವ್ವನನ್ನು ಕಂಡರೆ ಮುಖ ತಿರುಗಿಸುತ್ತಿದ್ದ ಜನ. ಅವಳು ನಡುವೆ ನಿಂತು ಒದರಿದಳು, "ಕೇಳ್ರಿ! ಈ ಹುಡುಗಿ ಏನ ಹೇಳ್ತಾಳ ಕೇಳ್ರಿ!"

ರಾಜೇಶ್ವರಿ ಹೇಳಿದಳು. ಬಸವಪ್ರಸಾದ ಸಾಲು ಮುಚ್ಚಿಟ್ಟದ್ದನ್ನು ಹೇಳಿದಳು, ಅದಕ್ಕಿಂತ ಮೊದಲು ತಪ್ಪು ಮಾಡಿದವಳು ತಾನು ಅಂತ ಹೇಳಿದಳು. ಆಮೇಲೆ ಒಬ್ಬ ಎದ್ದ. ಯಮನೂರ, ಸತ್ತ ರೇಣುಕವ್ವನ ಮಗ. ಗೋಣೆಪ್ಪನ ಮಣ್ಣಿಗೆ ಹೋದವನ ಕಾಲು ಮುರಿಯುತ್ತೇನೆ ಅಂದವನು ಅವನೇ.

"ಅಂದ್ರ ನಮ್ಮವ್ವನ್ನ ಕೊಂದಾಕಿ ನೀ."

"ಹೌದ್ರಿ" ಅಂದಳು ರಾಜೇಶ್ವರಿ.

ಅವನ ಕೈ ಮೇಲೆ ಹೋಯಿತು. ಅವಳು ಕದಲಲಿಲ್ಲ. ಆ ಕೈ ಹಾಗೇ ಮೇಲೆ ನಿಂತಿತ್ತು... ಆಗ ಗುಡ್ಡವ್ವ ಹಿಂದಿನಿಂದ ಮೆಲ್ಲಗೆ ಅಂದಳು.

"ಇನ್ನೊಮ್ಮೆ ಹೇಳ."

ರಾಜೇಶ್ವರಿ ಇನ್ನೊಮ್ಮೆ ಹೇಳಿದಳು. ಮೊದಲಿನಿಂದ, ಒಂದು ಮಾತು ಬಿಡದೆ. ನಲವತ್ತೊಂದು ಸಾಲನ್ನೂ ಓದಿದಳು, ಎರಡು ಗಂಟೆ ಆರು ನಿಮಿಷದವರೆಗೆ. ಎರಡು ಸಲ ಹೇಳಿದ್ದೂ ಒಂದೇ ಆಯಿತು. ಓದಿ ಮುಗಿಸುವಾಗ ಯಮನೂರನ ಕೈ ಕೆಳಗೆ ಬಂದಿತ್ತು. ಅವನು ಯಾರ ಮುಖವನ್ನೂ ನೋಡದೆ ಕಟ್ಟೆಯಿಳಿದು ಗೋಣೆಪ್ಪನನ್ನು ಮುಚ್ಚಿದ್ದ ಹೊಲದ ದಾರಿ ಹಿಡಿದ. ಸ್ವಲ್ಪ ಹೊತ್ತಿಗೆ ಮತ್ತೊಬ್ಬ ಎದ್ದ. ಆಮೇಲೆ ಎಲ್ಲರೂ ಎದ್ದರು.

ಮಣ್ಣು ಕೊಡುವುದು ಹೆಣ ಮುಚ್ಚುವ ದಿನ. ಎರಡು ತಿಂಗಳ ಮೇಲೆ ಯಾರೂ ಕೊಡುವುದಿಲ್ಲ, ಅಂಥ ಪದ್ಧತಿ ಎಲ್ಲೂ ಇಲ್ಲ. ಆದರೂ ಆ ಸಂಜೆ ಆ ಊರಿನ ಗಂಡಸರು, ಹೆಂಗಸರು ಸಾಲಾಗಿ ಹೋಗಿ ಗೋಣೆಪ್ಪನ ಸಮಾಧಿಯ ಮೇಲೆ ಒಬ್ಬೊಬ್ಬರು ಒಂದೊಂದು ಹಿಡಿ ಮಣ್ಣು ಹಾಕಿದರು. ಯಮನೂರ ಎರಡು ಹಿಡಿ ಹಾಕಿದ, ಒಂದು ತನ್ನದು, ಒಂದು ತನ್ನ ಅವ್ವನದು. ಕೊನೆಗೆ ರಾಜೇಶ್ವರಿ ಬಗ್ಗಿದಳು. ಗುಡ್ಡವ್ವ ಅವಳ ಕೈ ಹಿಡಿದು ತಡೆದಳು. "ನೀ ಬ್ಯಾಡ" ಅಂದಳು, ಅಷ್ಟೇ. ರಾಜೇಶ್ವರಿ ಹಿಂದೆ ಸರಿದಳು. ಅದನ್ನು ಅವಳು ಇವತ್ತಿಗೂ ಮರೆತಿಲ್ಲ, ಗುಡ್ಡವ್ವನದು ತಪ್ಪು ಅಂತ ನಾನೂ ಅನ್ನುವುದಿಲ್ಲ.

ಬಸವಪ್ರಸಾದನ ಮೇಲೆ ವಿಚಾರಣೆ ನಡೆದಿದೆ. ನಡೆದಿದೆ ಅಂದರೆ ನಡೆಯುತ್ತಲೇ ಇದೆ, ಅವನು ಇಸ್ತ್ರಿ ಅಂಗಿಯಲ್ಲೇ ತಿರುಗುತ್ತಾನೆ. ರಾಜೇಶ್ವರಿ ತನ್ನ ಹೇಳಿಕೆ ಬರೆದುಕೊಟ್ಟು ಕೆಲಸ ಬಿಟ್ಟಳು. ಚಿಪ್ಪಿನ ಸಾಲುಗಳನ್ನು ಅಧಿಕಾರಿಗಳಿಗೆ ಕೊಟ್ಟಳು. ಖಾಲಿ ಪೆಟ್ಟಿಗೆ ಬೇಡ ಅಂದರು, ಅದು ಅವಳ ಹತ್ತಿರವೇ ಉಳಿಯಿತು.

ಇನ್ನೊಂದು ಮಾತು ಉಳಿದಿದೆ. ಆ ಊರಿನಿಂದ ಬಂದ ರಾತ್ರಿ ಅವಳು ಪೆಟ್ಟಿಗೆಯನ್ನು ಸೋದರತ್ತೆಯ ಮನೆಯ ಗೋಡೆಯ ಮಾಡದಲ್ಲಿಟ್ಟು ಮಲಗಿದಳು. ನಾನೂ ಅವತ್ತು ಅಲ್ಲೇ ಇದ್ದೆ. ರಾತ್ರಿ ಸದ್ದು ಕೇಳಿದ್ದು ನಾನಲ್ಲ, ಸುಳ್ಳು ಹೇಳುವುದಿಲ್ಲ, ನನಗೆ ನಿದ್ದೆ ಹತ್ತಿತ್ತು. ಆದರೆ ಬೆಳಿಗ್ಗೆ ಅವಳು ವೈರು ಕೊಟ್ಟು ತೆರೆದಾಗ ಪಕ್ಕದಲ್ಲಿ ಕೂತು ನನ್ನ ಕಣ್ಣಾರೆ ಓದಿದ್ದೇನೆ. ಮೂರು ಸಾಲು.

1:59:59 ಕೆಂಪು.
2:00:00 ಕೆಂಪು.
2:00:04 ಹಸಿರು. ರದ್ದು.

ಆಮೇಲೆ ಇವತ್ತಿನವರೆಗೆ ಅದರಲ್ಲಿ ಒಂದು ಸಾಲೂ ಬಂದಿಲ್ಲ. ನಂಬುವುದು ಬಿಡುವುದು ನಿಮ್ಮ ಇಚ್ಛೆ. ಪೆಟ್ಟಿಗೆ ಈಗಲೂ ಆ ಮಾಡದಲ್ಲೇ ಇದೆ, ಗಜೇಂದ್ರಗಡಕ್ಕೆ ಹೋದರೆ ನೋಡಿ ಬನ್ನಿ. ಹಸಿರು ಗುಂಡಿ ಇದ್ದ ಜಾಗದಲ್ಲಿ ಗುಂಡಿ ಇಲ್ಲ, ತಂತಿ ಇಲ್ಲ, ಬರೀ ತೂತು, ತೂತಿನ ತುಂಬ ಹೊಳೆಮಣ್ಣು. ಆ ಮಣ್ಣಿನಲ್ಲಿ ಒಂದು ಹೆಬ್ಬೆರಳಿನ ಗುರುತಿದೆ.